ಬೇಟೆ, ಮೀನುಗಾರಿಕೆಯಲ್ಲಿ ಹೆಂಗಸರು: ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ?

ಹೊನ್ನೆಮರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಒಂದು ಪಾಠದ ಟಿಪ್ಪಣಿ ಬರೆಯುವ ಕೆಲಸ ನಡೆದಿದೆ. ಬೇಟೆ ಮತ್ತು ಮೀನುಗಾರಿಕೆಯನ್ನೇ ನೆಚ್ಚಿಕೊಂಡ ಸಮುದಾಯಗಳಲ್ಲಿ ಹೆಂಗಸರ ಪಾಲೇನು ಎಂಬುದು ವಿಷಯ. ಹಳೆಯ ಪುಸ್ತಕಗಳಲ್ಲಿ ಸಿಗುವುದು ಒಂದೇ ಸಾಲು: ಗಂಡಸರು ಬೇಟೆಗೆ ಹೋಗುತ್ತಿದ್ದರು, ಹೆಂಗಸರು ಗೆಡ್ಡೆಗೆಣಸು ಆಯ್ದು ತರುತ್ತಿದ್ದರು. ಈಚಿನ ಲೇಖನಗಳು ಇದಕ್ಕೆ ತದ್ವಿರುದ್ಧ. ನೂರಕ್ಕೆ 79 ಸಮುದಾಯಗಳಲ್ಲಿ ಹೆಂಗಸರು ಬೇಟೆಯಾಡುತ್ತಾರೆ ಎನ್ನುತ್ತವೆ. ಎರಡು ಕಡೆಯೂ ಕೆಲಸದ ವಿವರ ಮಾತ್ರ ಇಲ್ಲ.

ತಿಳಿಯಬೇಕಾದದ್ದು ಮೂರು. ಆ 79ರ ಲೆಕ್ಕವನ್ನು ಎಷ್ಟು ನಂಬಬಹುದು? ಬೇಟೆಯಲ್ಲಿ ಹೆಂಗಸರು ಯಾವ ಸಲಕರಣೆ ಹಿಡಿಯುತ್ತಾರೆ, ಯಾವ ಕ್ರಮದಲ್ಲಿ ಕೆಲಸ ಮಾಡುತ್ತಾರೆ, ಹಾಲುಕುಡಿಯುವ ಮಗು ಇದ್ದರೆ ಏನು ಮಾಡುತ್ತಾರೆ? ಚಿಪ್ಪು ಹೆಕ್ಕುವುದು, ಕಡಲಿಗೆ ಮುಳುಗುವುದು ಇವನ್ನೆಲ್ಲ ಮೀನುಗಾರಿಕೆ ಎನ್ನಬಹುದೇ? "ಹೆಂಗಸರೂ ಸಮರ್ಥರು" ಎಂಬಂಥ ಮಾತಿಗಿಂತ ಮಕ್ಕಳ ಕಣ್ಣಿಗೆ ಕಟ್ಟುವಂತೆ ಕೆಲಸವನ್ನೇ ಹೇಳಿದರೆ ಉಪಕಾರವಾಗುತ್ತದೆ.

———

ಹಳೆಮಣ್ಣು:

ಮೊದಲು ಲೆಕ್ಕ. 79 ಎಂಬ ಸಂಖ್ಯೆ 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯದು. ಬೇಟೆಯ ಬಗ್ಗೆ ಸ್ಪಷ್ಟ ಬರವಣಿಗೆ ಸಿಕ್ಕ 63 ಸಮುದಾಯಗಳನ್ನು ತೆಗೆದುಕೊಂಡರು, ಅವುಗಳಲ್ಲಿ 50ರಲ್ಲಿ ಹೆಂಗಸರ ಬೇಟೆಯ ಉಲ್ಲೇಖವಿತ್ತು. ಅಷ್ಟೇ. ಎಣಿಸಿದ್ದು "ಉಂಟು" ಅಥವಾ "ಇಲ್ಲ" ಎಂಬುದನ್ನು ಮಾತ್ರ. ವಾರಕ್ಕೆ ಮೂರು ಸಲ ಎಲ್ಲ ಹೆಂಗಸರೂ ಬೇಟೆಗೆ ಹೋಗುವ ಊರೂ "ಉಂಟು", ವರ್ಷಕ್ಕೊಮ್ಮೆ ಯಾರೋ ಇಬ್ಬರು ಹೋಗುವ ಊರೂ "ಉಂಟು". ಹಾಗಾಗಿ 79 ಎಂದರೆ ಬೇಟೆಯಲ್ಲಿ ನೂರಕ್ಕೆ 79 ಪಾಲು ಹೆಂಗಸರದ್ದು ಎಂದಲ್ಲ. ಲೇಖನಗಳಲ್ಲಿ ಎಡವಿರುವುದು ಇಲ್ಲೇ.

2024ರಲ್ಲಿ ಬೇರೆ ಮಾನವಶಾಸ್ತ್ರಜ್ಞರ ತಂಡವೊಂದು ಅದೇ ಮೂಲ ಬರಹಗಳನ್ನು ಮರಳಿ ಓದಿ ತಕರಾರು ಎತ್ತಿತು. ಆಯ್ದ ಸಮುದಾಯಗಳ ಪಟ್ಟಿ ಒಂದು ಕಡೆಗೆ ವಾಲಿದೆ, ವರ್ಗೀಕರಣದಲ್ಲಿ ತಪ್ಪುಗಳಿವೆ ಎಂಬುದು ಅವರ ವಾದ. ಹೆಂಗಸರು ಬೇಟೆಯಾಡುವುದಿಲ್ಲ ಎಂದು ಅವರೂ ಹೇಳಲಿಲ್ಲ. ಸಂಖ್ಯೆ ಹಾಕಲೇಬೇಕೆಂದಿದ್ದರೆ "63ರಲ್ಲಿ 50" ಎಂದು ಬರೆದು, ಎಣಿಸಿದ್ದು ಏನನ್ನು ಎಂಬುದನ್ನು ಪಕ್ಕದಲ್ಲೇ ಹೇಳಿ.

ಮಣ್ಣಿನಡಿ ಸಿಕ್ಕ ಸಾಕ್ಷ್ಯಕ್ಕೆ ಪೆರುವಿನ ಆಂಡೀಸ್ ಬೆಟ್ಟಗಳ ವಿಲಮಾಯ ಪಾಟ್ಖಾ ಒಳ್ಳೆಯ ಉದಾಹರಣೆ. ಸಮುದ್ರಮಟ್ಟದಿಂದ 3,925 ಮೀಟರ್ ಎತ್ತರದ ಜಾಗ. 2018ರಲ್ಲಿ ಅಲ್ಲಿ ಅಗೆದಾಗ ಸುಮಾರು 9,000 ವರ್ಷ ಹಿಂದಿನ, 17ರಿಂದ 19ರ ಪ್ರಾಯದವರೊಬ್ಬರ ಸಮಾಧಿ ಸಿಕ್ಕಿತು. ತೊಡೆಯ ಹತ್ತಿರ ಕಲ್ಲಿನ ಸಲಕರಣೆಗಳು ಒತ್ತೊತ್ತಾಗಿ ಗುಂಪುಗೂಡಿದ್ದವು. ಚೀಲದಲ್ಲಿಟ್ಟು ಹೂಳಿದ್ದು, ಕಾಲಕ್ರಮೇಣ ಚೀಲ ಕರಗಿ ಕಲ್ಲಷ್ಟೇ ಉಳಿದಿರಬೇಕು. ಎಸೆಯುವ ಈಟಿಯ ಮೊನೆಗಳು, ಚರ್ಮ ಹೆರೆಯುವ ಕಲ್ಲುಗಳು, ಕೆಮ್ಮಣ್ಣು ಅದರಲ್ಲಿದ್ದವು. ಮೂಳೆ ಸವೆದುಹೋದ್ದರಿಂದ ಗಂಡೋ ಹೆಣ್ಣೋ ಎಂದು ಹಲ್ಲಿನ ಹೊರಪದರದಲ್ಲಿ ಉಳಿದಿದ್ದ ಅಮೆಲೋಜೆನಿನ್ ಎಂಬ ಪ್ರೋಟೀನಿನಿಂದ ಗುರುತಿಸಿದರು. ಗಂಡು ಹೆಣ್ಣಿನಲ್ಲಿ ಇದರ ರೂಪ ಬೇರೆ. ಬಂದ ಉತ್ತರ ಹೆಣ್ಣು.

ಒಂದು ಸಮಾಧಿಯ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ, ಸತ್ತವರ ಜೊತೆ ಬೇರೆಯವರ ವಸ್ತುವನ್ನೂ ಇಟ್ಟಿರಬಹುದು. ಅದಕ್ಕೇ ಅಲ್ಲಿ ಅಗೆದ ತಂಡ ಅಮೆರಿಕ ಖಂಡಗಳ ಅಷ್ಟೇ ಹಳೆಯ ಬೇರೆ ಸಮಾಧಿಗಳನ್ನೂ ನೋಡಿತು. ದೊಡ್ಡ ಬೇಟೆಯ ಸಲಕರಣೆ ಜೊತೆಗಿದ್ದವರಲ್ಲಿ 11 ಹೆಂಗಸರು, 15 ಗಂಡಸರು ಎಂದು 2020ರಲ್ಲಿ ವರದಿ ಮಾಡಿತು. ಒಂದಕ್ಕಿಂತ ಈ ಜೋಡಿ ಸಂಖ್ಯೆಯೇ ಗಟ್ಟಿ ಸಾಕ್ಷ್ಯ.

———

ಬಲೆಗಂಟು:

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹೆಂಗಸರು ಬೇಟೆಗೆ ಹೋಗುತ್ತಾರೋ ಇಲ್ಲವೋ ಎಂಬುದನ್ನು ತೋಳಿನ ಬಲಕ್ಕಿಂತ ಹೆಚ್ಚಾಗಿ ಬೇಟೆಯ ವಿಧಾನ ತೀರ್ಮಾನಿಸುತ್ತದೆ. ಒಬ್ಬರೇ ದಿನಗಟ್ಟಲೆ ಸದ್ದಿಲ್ಲದೆ ಹಿಂಬಾಲಿಸುವ ಬೇಟೆಗೆ ಕೂಸು ಕಟ್ಟಿಕೊಂಡು ಹೋಗಲಾಗದು. ಮಗು ಅತ್ತರೆ ಅಂದಿನ ಬೇಟೆ ಮುಗಿಯಿತು. ನಾಯಿ ಇದ್ದರೆ, ಬಲೆ ಇದ್ದರೆ, ಜನ ಗುಂಪಾಗಿ ಹೊರಟರೆ ಆ ತೊಡಕು ಬಹುಮಟ್ಟಿಗೆ ಇರುವುದಿಲ್ಲ.

ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ಈಶಾನ್ಯದ ಕಾಡಿನಲ್ಲಿರುವ ಅಗ್ತಾ ಜನರನ್ನು ನೋಡಿ. ಅಲ್ಲಿನ ಕಗಯಾನ್ ಕಡೆಯ ಹೆಂಗಸರು ಕಾಡುಹಂದಿ, ಜಿಂಕೆ ಬೇಟೆಯಾಡುವುದನ್ನು ಮಾನವಶಾಸ್ತ್ರಜ್ಞರಾದ ಆಗ್ನೆಸ್ ಎಸ್ಟಿಯೋಕೊ-ಗ್ರಿಫಿನ್ ಮತ್ತು ಬಯಾನ್ ಗ್ರಿಫಿನ್ 1980ರ ಆಸುಪಾಸಿನಲ್ಲಿ ದಾಖಲಿಸಿದರು. ಗಂಡಸರು ಹೆಚ್ಚಾಗಿ ಒಬ್ಬೊಬ್ಬರೇ ಹೊಂಚುಹಾಕುತ್ತಾರೆ. ಹೆಂಗಸರು ಗುಂಪಿನಲ್ಲಿ, ನಾಯಿಗಳ ಜೊತೆ, ಬಿಡಾರಕ್ಕೆ ತುಸು ಹತ್ತಿರದ ಕಾಡಿನಲ್ಲಿ ಸುತ್ತುತ್ತಾರೆ. ನಾಯಿಗಳು ಹಂದಿಯನ್ನು ಎಬ್ಬಿಸಿ, ಅಟ್ಟಿ, ಮರದ ಬುಡಕ್ಕೋ ಹಳ್ಳದ ದಂಡೆಗೋ ಒತ್ತರಿಸಿ ನಿಲ್ಲಿಸುತ್ತವೆ. ಹಂದಿಯ ಗಮನವೆಲ್ಲ ನಾಯಿಗಳ ಮೇಲಿರುವ ಆ ಗಳಿಗೆಯಲ್ಲಿ ಹೆಂಗಸರು ಬಂದು ಉದ್ದ ಕತ್ತಿಯಿಂದಲೋ ಬಾಣದಿಂದಲೋ ಮುಗಿಸುತ್ತಾರೆ. ಇಲ್ಲಿ ಕೈಕೊಡುವುದು ಸಾಮಾನ್ಯವಾಗಿ ನಾಯಿಯೇ. ಪಳಗದ ನಾಯಿ ಬೇಗ ಬೊಗಳಿ ಹಂದಿಯನ್ನು ದೂರದಲ್ಲೇ ಓಡಿಸಿಬಿಡುತ್ತದೆ, ಇಲ್ಲವೇ ತೀರ ಹತ್ತಿರ ನುಗ್ಗಿ ಕೋರೆಯ ತಿವಿತಕ್ಕೆ ಸಿಕ್ಕಿ ಸಾಯುತ್ತದೆ. ಒಳ್ಳೆಯ ನಾಯಿ ಸತ್ತರೆ ಆ ಮನೆಯ ಬೇಟೆಯೇ ಕುಂಟುತ್ತದೆ.

ಆ ಸಂಶೋಧಕರು ಬರೆದಿಟ್ಟ ಲೆಕ್ಕದಲ್ಲಿ ಹೆಂಗಸರಷ್ಟೇ ಹೋದಾಗ ನೂರಕ್ಕೆ 31 ಸಲ ಬೇಟೆ ಸಿಕ್ಕಿತು, ಗಂಡಸರಷ್ಟೇ ಹೋದಾಗ 17, ಇಬ್ಬರೂ ಕೂಡಿ ಹೋದಾಗ 41. ಹೆಂಗಸರೇ ಹೆಚ್ಚು ಚತುರರು ಎಂದು ಇದನ್ನು ಓದಬೇಡಿ. ನಾಯಿಯ ಜೊತೆ ಗುಂಪಿನಲ್ಲಿ ಹೋದವರನ್ನೂ ನಾಯಿಯಿಲ್ಲದೆ ಒಬ್ಬರೇ ಹೋದವರನ್ನೂ ಹೋಲಿಸಿದ ಅಂಕಿ ಇದು. ಎಷ್ಟು ಸಲ ಸಿಕ್ಕಿತು ಎನ್ನುತ್ತದೆಯೇ ಹೊರತು ಎಷ್ಟು ಕಿಲೋ ಮಾಂಸ ಬಂತು ಎನ್ನುವುದಿಲ್ಲ.

ಮಗುವಿನ ವಿಚಾರ: ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗುವುದುಂಟು, ಅಜ್ಜಿಯ ಹತ್ತಿರವೋ ದೊಡ್ಡ ಮಗಳ ಹತ್ತಿರವೋ ಬಿಟ್ಟುಹೋಗುವುದೂ ಉಂಟು. 1985ರಲ್ಲಿ ಬಂದ ಇನ್ನೊಂದು ಲೆಕ್ಕಾಚಾರ ಬೇಟೆಗೆ ಹೋಗುವ ಮತ್ತು ಹೋಗದ ಅಗ್ತಾ ಹೆಂಗಸರ ಮೊದಲ ಬಸಿರಿನ ವಯಸ್ಸು, ಕಿರಿಯ ಮಗುವಿನ ವಯಸ್ಸು ಮುಂತಾದವನ್ನು ಹೋಲಿಸಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಇನ್ನು ಬಲೆ. ಮಧ್ಯ ಆಫ್ರಿಕದ ಮಳೆಕಾಡಿನ ಅಕಾ ಮತ್ತು ಎಂಬೂಟಿ ಜನರ ಬಲೆಬೇಟೆ ಇಡೀ ಬಿಡಾರದ ಕೆಲಸ. ಕಾಡಿನ ಒಂದು ಬಳ್ಳಿಯ ತೊಗಟೆಯ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿ ಬಲೆ ಹೆಣೆಯುತ್ತಾರೆ. ಎತ್ತರ ಒಂದು ಮೀಟರಿನ ಆಸುಪಾಸು, ಉದ್ದ ಹತ್ತಾರು ಮೀಟರ್. ಒಂದೊಂದು ಸಂಸಾರದ್ದು ಒಂದೊಂದು ಬಲೆ. ಒಂದರ ಕೊನೆಗೆ ಇನ್ನೊಂದನ್ನು ಜೋಡಿಸುತ್ತ, ಸಣ್ಣ ಗಿಡಗಳಿಗೆ ಸಿಕ್ಕಿಸುತ್ತ, ಸದ್ದಿಲ್ಲದೆ ದೊಡ್ಡ ಕಮಾನು ಕಟ್ಟುತ್ತಾರೆ. ಆಮೇಲೆ ಸೋವುವವರು ಕೂಗು ಹಾಕಿ, ಪೊದೆ ಬಡಿದು ಪ್ರಾಣಿಗಳನ್ನು ಎಬ್ಬಿಸುತ್ತಾರೆ. ಬಲೆಗೆ ಬೀಳುವುದು ಹೆಚ್ಚಾಗಿ ನೀಲಿ ಡೈಕರ್, ನಾಲ್ಕೈದು ಕಿಲೋ ತೂಗುವ ಪುಟ್ಟ ಹುಲ್ಲೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಂಬೂಟಿಗಳಲ್ಲಿ ಗಂಡಸರು ಬಲೆಯ ಬಳಿ ಕಾಯುತ್ತಾರೆ, ಹೆಂಗಸರು ಮಕ್ಕಳು ಸೋವುತ್ತಾರೆ. ಅಕಾಗಳಲ್ಲಿ ಸಾಮಾನ್ಯವಾಗಿ ಉಲ್ಟಾ: ಗಂಡಸರು ನಡುವೆ ನುಗ್ಗಿ ಸೋವುತ್ತಾರೆ, ಹೆಂಗಸರು ಬಲೆಯ ಪಕ್ಕ ಅವಿತಿದ್ದು ಸಿಕ್ಕಿಬಿದ್ದ ಪ್ರಾಣಿಯ ಮೇಲೆ ಬೀಳುತ್ತಾರೆ. ಹಿಂಗಾಲು ಹಿಡಿದು ನೆಲಕ್ಕೊತ್ತುವವರೆಗೂ ಕೈ ಸಡಿಲಿಸುವಂತಿಲ್ಲ, ಸಡಿಲಿಸಿದರೆ ಒದ್ದು ಬಿಡಿಸಿಕೊಳ್ಳುತ್ತದೆ. ಕಾಡು ಒಂದೇ ಬಗೆಯದು, ಪ್ರಾಣಿಯೂ ಬಲೆಯೂ ಹಾಗೆಯೇ, ಆದರೂ ಪಾತ್ರ ಅದಲುಬದಲು. ಮೈಕಟ್ಟಿನಿಂದಲೇ ಕೆಲಸ ಹಂಚಿಹೋಗುತ್ತದೆ ಎನ್ನುವವರ ಮುಂದೆ ಈ ಜೋಡಿಯನ್ನು ಇಡಬಹುದು. ಅಕಾ ಹೆಂಗಸರು ತಾವೇ ಬಲೆ ಹಿಡಿದು ಹೊರಡುವುದೂ ದಾಖಲಾಗಿದೆ. ಈಟಿ ಹಿಡಿದು ಆನೆ ಬೇಟೆಗೆ ಹೋಗುವುದು ಮಾತ್ರ ಗಂಡಸರದ್ದೇ, ಅದನ್ನೂ ಮುಚ್ಚಿಡದೆ ಬರೆಯಿರಿ.

ಬಲೆಬೇಟೆ ಕೆಡುವುದು ಬಲೆಯ ಕೆಳಅಂಚಿನಲ್ಲಿ. ಅಂಚು ನೆಲಕ್ಕೆ ಕೂರದೆ ಬೇರಿನ ಮೇಲೆ ಎದ್ದು ನಿಂತರೆ ಪ್ರಾಣಿ ಅಲ್ಲೇ ನುಸುಳುತ್ತದೆ. ಎರಡು ಬಲೆ ಸೇರುವ ಕಡೆ ಸಂದಿಯಿದ್ದರೂ ಅದೇ ಕಥೆ. ಕಟ್ಟುವಾಗ ಯಾರಾದರೂ ಜೋರಾಗಿ ಮಾತಾಡಿದರೆ ಕಮಾನು ಮುಗಿಯುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ.

———

ಹೊನ್ನೆಮರ:

ಬಹಳ ಉಪಯೋಗವಾಯಿತು. ಒಂದು ಸಂದೇಹ. ಹೆಂಗಸರು ಆಯುಧದಿಂದ ರಕ್ತ ಹರಿಸುವಂತಿಲ್ಲ ಎಂಬ ಕಟ್ಟಳೆ ಹಲವು ಕಡೆ ಇತ್ತೆಂದು ಓದಿದ್ದೆ. ಹಾಗಿದ್ದರೆ ಬಿಲ್ಲು, ಬಲೆ, ನಾಯಿ ಯಾವುದೂ ಇಲ್ಲದ ಕಡೆ ಏನು ಮಾಡುತ್ತಿದ್ದರು?

———

ಕಾಳ್ಗಿಚ್ಚು:

ನೀವು ಓದಿದ್ದು ಫ್ರಾನ್ಸಿನ ಮಾನವಶಾಸ್ತ್ರಜ್ಞ ಅಲೇನ್ ತೆಸ್ತಾರ್ ಅವರ ವಾದ ಇರಬೇಕು. ಹೆಂಗಸರ ಬೇಟೆಯಲ್ಲಿ ಚುಚ್ಚುವ, ಕೊಯ್ಯುವ ಆಯುಧ ಕಡಿಮೆ, ಬಡಿಗೆ, ಬಲೆ, ಹೊಗೆ, ಅಗೆಗೋಲು ಹೆಚ್ಚು ಎಂದು ಅವರು ತೋರಿಸಿದ್ದರು. ಹಲವು ಕಡೆ ಅದು ನಿಜ. ಅಗ್ತಾ ಹೆಂಗಸರ ಬಿಲ್ಲು ಆ ಮಾತಿಗೆ ಅಪವಾದ.

ಅಗೆಗೋಲು ಎಂದಾಗ ಗೆಡ್ಡೆಗೆಣಸೇ ನೆನಪಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ಮಾರ್ಟು ಹೆಂಗಸರು ಅದೇ ಕೋಲಿನಿಂದ ಉಡ ಹಿಡಿಯುತ್ತಾರೆ. ರೆಬೆಕಾ ಬ್ಲೀಜ್ ಬರ್ಡ್ ಮತ್ತು ಡಗ್ಲಸ್ ಬರ್ಡ್ ವರ್ಷಗಟ್ಟಲೆ ಅವರ ಜೊತೆ ನಡೆದು ಅಳೆದು ಬರೆದಿದ್ದರಿಂದ ಇದರ ವಿವರ ಚೆನ್ನಾಗಿ ಸಿಗುತ್ತದೆ.

ನೆಲವೆಲ್ಲ ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲಿನ ದಿಂಡು. ಚಳಿಗಾಲದಲ್ಲಿ, ಅಂದರೆ ಅಲ್ಲಿನ ಮೇ ತಿಂಗಳಿಂದ ಆಗಸ್ಟ್‌ವರೆಗೆ, ಉಡ ಬಿಲದೊಳಗೆ ಮಲಗಿರುತ್ತದೆ, ಹೊರಗೆ ಹೆಜ್ಜೆ ಸಿಗದು. ಹುಲ್ಲು ಬೆಳೆದ ಕಡೆ ಬಿಲದ ಬಾಯಿಯೂ ಕಾಣದು. ಆದ್ದರಿಂದ ಹಳೆಯ ಹುಲ್ಲಿನ ಒಂದು ಪಟ್ಟೆ ಆರಿಸಿ, ಗಾಳಿ ನೋಡಿಕೊಂಡು ಸಾಲಾಗಿ ಬೆಂಕಿ ಕೊಡುತ್ತಾರೆ. ಬೆಂಕಿ ಮುಂದೆ ಸರಿದಂತೆ ಹೆಂಗಸರು ಹಿಂದೆ ಹಿಂದೆ ಕರಿನೆಲದ ಮೇಲೆ ನಡೆಯುತ್ತ ಬಿಲ ಹುಡುಕುತ್ತಾರೆ.

ಬಿಲ ಸಿಕ್ಕಿತೆಂದು ತಕ್ಷಣ ಅಗೆಯುವುದಿಲ್ಲ. ಮೊದಲು ಅದು ಹೊಸದೋ ಹಳೆಯದೋ ನೋಡಬೇಕು. ಬಾಯಿಯಲ್ಲಿ ಮಣ್ಣು ಒಳಗಿಂದ ಮುಚ್ಚಿದ್ದರೆ ಪ್ರಾಣಿ ಒಳಗಿದೆ. ಆಮೇಲೆ ಕೋಲನ್ನು ನೆಲಕ್ಕೆ ಅಲ್ಲಲ್ಲಿ ಚುಚ್ಚಿ ಪೊಳ್ಳು ಎಲ್ಲಿ ಸಾಗುತ್ತದೆ ಎಂದು ಕೈಯಲ್ಲೇ ಅಂದಾಜು ಮಾಡುತ್ತಾರೆ. ಗಟ್ಟಿ ಮಣ್ಣಿನಲ್ಲಿ ಕೋಲು ತಡೆದು ನಿಲ್ಲುತ್ತದೆ, ಪೊಳ್ಳಿನ ಮೇಲೆ ಬಂದರೆ ಸರಕ್ಕನೆ ಇಳಿಯುತ್ತದೆ. ಈ ಉಡದ ಬಿಲದ ಕೊನೆ ಸಾಮಾನ್ಯವಾಗಿ ಮತ್ತೆ ನೆಲದ ಹತ್ತಿರಕ್ಕೇ ಏರಿ ಬರುತ್ತದೆ. ತೆಳ್ಳನೆಯ ಮಣ್ಣು ಒಡೆದು ತಪ್ಪಿಸಿಕೊಳ್ಳಲು ಪ್ರಾಣಿ ಇಟ್ಟುಕೊಂಡ ದಾರಿ ಅದು. ಅರಿಯದವರು ಬಾಯಿಯ ಕಡೆಯಿಂದ ಅಗೆಯುತ್ತ ಹೋದರೆ ಉಡ ಆ ಕಡೆಯಿಂದ ಹಾರಿ ಓಡುತ್ತದೆ. ಬಲ್ಲವರು ಕೊನೆಯನ್ನು ಮೊದಲು ಗುರುತಿಸಿ ಅಲ್ಲೇ ತೋಡುತ್ತಾರೆ. ಬಾಲ ಹಿಡಿದು ಎಳೆದು, ತಲೆಗೆ ಒಂದು ಪೆಟ್ಟು. ಈಗೀಗ ಮರದ ಕೋಲಿನ ಜಾಗಕ್ಕೆ ಕಬ್ಬಿಣದ ಸಲಾಕೆಯೂ ಬಂದಿದೆ. ಸುಲಭವಾಗಿ ಇಳಿಯುತ್ತದೆ, ಕ್ರಮ ಮಾತ್ರ ಹಿಂದಿನದೇ.

ಬೇಸಿಗೆಯಲ್ಲಿ ಬೆಂಕಿ ಬೇಡ. ಉಡ ಹೊರಗೆ ಓಡಾಡುತ್ತಿರುತ್ತದೆ, ಮರಳಿನ ಮೇಲಿನ ಹೆಜ್ಜೆ ಮತ್ತು ಬಾಲದ ಗೀರು ಓದುತ್ತ ಹಿಂಬಾಲಿಸಿದರೆ ಸಾಕು. ಗೀರಿನ ಅಂಚು ಚೂಪಾಗಿದ್ದರೆ ಈಗಷ್ಟೇ ಹೋಗಿದೆ, ಗಾಳಿಗೆ ಮಾಸಿದ್ದರೆ ತಡವಾಗಿದೆ.

ಬೆಂಕಿಯಲ್ಲಿ ಎಡವಟ್ಟಾಗುವುದು ಗಾಳಿಯಿಂದ. ಜೋರು ಗಾಳಿಯಲ್ಲಿ ಕೊಟ್ಟ ಬೆಂಕಿ ಹಿಡಿತ ಮೀರಿ ದೊಡ್ಡ ಬಯಲನ್ನೇ ಬೋಳಾಗಿಸುತ್ತದೆ, ಮುಂದಿನ ಕೆಲವು ವರ್ಷ ಅಲ್ಲಿ ಸುಡಲು ಹುಲ್ಲೇ ಇರುವುದಿಲ್ಲ. ಸಣ್ಣ ಸಣ್ಣ ತುಂಡಾಗಿ ಸುಟ್ಟರೆ ಹೊಸ ಚಿಗುರು, ಅರೆಬೆಳೆದ ಹುಲ್ಲು, ಹಳೆಯ ದಿಂಡು ಎಲ್ಲವೂ ಅಕ್ಕಪಕ್ಕ ಉಳಿದು ನೆಲ ಕೌದಿಯಂತಾಗುತ್ತದೆ. ಮಾರ್ಟುಗಳು ಸುಡುವ ಜಾಗವನ್ನೂ ಸಿಡಿಲಿನ ಬೆಂಕಿಗೆ ಬಿಟ್ಟ ಜಾಗವನ್ನೂ ಉಪಗ್ರಹದ ಚಿತ್ರದಲ್ಲಿ ಹೋಲಿಸಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೂ ದೊಡ್ಡ ಮಾತೆಂದರೆ, ಹೀಗೆ ಸುಡುತ್ತ ಬಂದ ಕಡೆ ಉಡಗಳೇ ಹೆಚ್ಚು. ಈ ಹೆಂಗಸರು ಬೇಟೆಯ ಜೊತೆಗೆ ಬೇಟೆಯ ನೆಲವನ್ನೂ ಬೆಳೆಸುತ್ತಿದ್ದಾರೆ.

ಗಂಡಸರ ಕಾಂಗರೂ ಬೇಟೆ ಸಿಕ್ಕಿದರೆ ರಾಶಿ ಮಾಂಸ, ಆದರೆ ಬರಿಗೈಲಿ ಮರಳುವ ದಿನಗಳೇ ಹೆಚ್ಚು. ಉಡದ ಬೇಟೆ ಸಣ್ಣದು, ದಿನ ತಪ್ಪದೆ ಸಿಗುತ್ತದೆ. ಮಕ್ಕಳು ಹಸಿದು ಮಲಗದಂತೆ ನೋಡಿಕೊಳ್ಳುವುದು ಈ ಎರಡನೆಯದು. ಇದನ್ನು ಎಷ್ಟೋ ಹಳೆಯ ವರದಿಗಳು "ಆಯುವುದು" ಎಂಬ ಪದದಡಿ ತುಂಬಿಬಿಟ್ಟಿವೆ. ಓಡುವ, ಕಚ್ಚುವ, ತಪ್ಪಿಸಿಕೊಳ್ಳುವ ಪ್ರಾಣಿಯನ್ನು ಹುಡುಕಿ ಕೊಲ್ಲುವುದು ಬೇಟೆ ಅಲ್ಲದೆ ಇನ್ನೇನು?

———

ಸೂಜಿದಾರ:

ಸಣ್ಣದೊಂದು ಸೇರ್ಪಡೆ. ಅಲಾಸ್ಕದ ಉತ್ತರ ಕರಾವಳಿಯ ಇನ್ಯೂಪಿಯಾಟ್ ಜನರ ತಿಮಿಂಗಿಲ ಬೇಟೆಯಲ್ಲಿ ಈಟಿ ಎಸೆಯುವವರು ಬಹುಪಾಲು ಗಂಡಸರು. ಅವರು ಕೂತಿರುವ ದೋಣಿ ಮಾತ್ರ ಹೆಂಗಸರ ಕೈಕೆಲಸ. ಉಮಿಯಾಕ್ ಎಂಬ ಆ ದೋಣಿಯ ಹಂದರ ಮರದ್ದು, ಹೊದಿಕೆ ಗಡ್ಡದ ಸೀಲ್ ಎಂಬ ಕಡಲಪ್ರಾಣಿಯ ಚರ್ಮ. ಹಲವು ಚರ್ಮಗಳನ್ನು ಒಂದಕ್ಕೊಂದು ಹೊಲಿಯಬೇಕು, ಒಂದು ಹನಿ ನೀರೂ ಒಳಗೆ ಬರಬಾರದು.

ಗುಟ್ಟಿರುವುದು ಹೊಲಿಗೆಯಲ್ಲಿ. ಎರಡು ಅಂಚುಗಳನ್ನು ಒಂದರ ಮೇಲೊಂದು ಮಡಿಸಿ, ಒಂದು ಬದಿಯಿಂದ ಒಂದು ಸಾಲು, ತಿರುಗಿಸಿ ಇನ್ನೊಂದು ಬದಿಯಿಂದ ಇನ್ನೊಂದು ಸಾಲು ಹಾಕುತ್ತಾರೆ. ಸೂಜಿ ಒಂದು ಚರ್ಮವನ್ನು ದಾಟಿ ಇನ್ನೊಂದರ ಅರ್ಧ ದಪ್ಪದವರೆಗೆ ಮಾತ್ರ ಹೋಗಿ ಮರಳಬೇಕು. ಹೀಗಾದಾಗ ಹೊರಗಿಂದ ಒಳಗೆ ನೇರ ತೂರುವ ತೂತು ಒಂದೂ ಇರುವುದಿಲ್ಲ. ದಾರ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಸ್ನಾಯುರಜ್ಜುವಿನ ಎಳೆ, ನೆನೆದರೆ ಉಬ್ಬಿ ತೂತನ್ನು ತಾನೇ ಮುಚ್ಚುತ್ತದೆ. ಹತ್ತಿಯ ದಾರ ಹಾಗೆ ಮಾಡದು. ಸೂಜಿ ಒಂದು ಕಡೆ ಪೂರ್ತಿ ತೂರಿದರೂ ಹಿಮದ ನೀರು ಒಳಗಿಳಿಯುತ್ತದೆ. ಹೊಲಿಯುವಾಗ ಚರ್ಮ ಒಣಗಲು ಬಿಡಬಾರದು, ಒಣಗಿದರೆ ಸೂಜಿ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಹಲವು ಹೆಂಗಸರು ಒಟ್ಟಿಗೆ ಕೂತು ಒಂದೇ ಬೀಸಿಗೆ ಮುಗಿಸುತ್ತಾರೆ.

ಇದನ್ನು "ಬೇಟೆಯಲ್ಲಿ ಪಾಲು" ಎಂದು ಎಣಿಸುವ ಕೋಷ್ಟಕ ಇಲ್ಲ. ನಿಮ್ಮ ಪಾಠದಲ್ಲಾದರೂ ಇರಲಿ.

———

ಮುಳುಗುಕಲ್ಲು:

ಮೂರನೆಯ ಪ್ರಶ್ನೆಗೆ ಉತ್ತರ: ಹೌದು, ಅದು ಮೀನುಗಾರಿಕೆಯೇ. ದಕ್ಷಿಣ ಕೊರಿಯದ ಜೇಜು ದ್ವೀಪದ ಹೇನ್ಯೋ ಹೆಂಗಸರನ್ನು ನೋಡಿದರೆ ಅನುಮಾನವೇ ಉಳಿಯದು. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಸುಮಾರು 10 ಮೀಟರ್‌ವರೆಗೆ ಮುಳುಗಿ ಅಬಲೋನ್ ಎಂಬ ಒಂಟಿಚಿಪ್ಪಿನ ಪ್ರಾಣಿ, ಶಂಖದ ಹುಳು, ಕಡಲ ಮುಳ್ಳುಚೆಂಡು, ಆಕ್ಟೋಪಸ್, ಕಡಲಪಾಚಿ ತರುತ್ತಾರೆ. ಒಂದು ಮುಳುಗು ಸುಮಾರು ಒಂದು ನಿಮಿಷ. ದಿನಕ್ಕೆ ಆರೇಳು ಗಂಟೆಯವರೆಗೂ ನೀರಿನಲ್ಲಿರುವುದುಂಟು. 2016ರಲ್ಲಿ ಯುನೆಸ್ಕೋ ಇವರ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಸಲಕರಣೆ ಸರಳ. ತೇವಾಕ್ ಎಂಬ ತೇಲುಬುರುಡೆ, ಮೊದಲು ಒಣಗಿಸಿದ ಸೋರೆಬುರುಡೆ, ಈಗ ಥರ್ಮಾಕೋಲ್. ಅದರ ಕೆಳಗೆ ತೂಗುವ ಬಲೆಚೀಲ. ಮೇಲೆ ಬಂದಾಗ ಅಪ್ಪಿಕೊಂಡು ದಣಿವಾರಿಸುವುದೂ ಈ ಬುರುಡೆಯನ್ನೇ. ಬಿಚಾಂಗ್ ಎಂಬ ಚಪ್ಪಟೆ ಕಬ್ಬಿಣದ ಪಟ್ಟಿ ಅಬಲೋನನ್ನು ಬಂಡೆಯಿಂದ ಎಬ್ಬಿಸಲು. ಸಂದಿಯಿಂದ ಕೆದಕಲು ಕೊಕ್ಕೆ, ಪಾಚಿಗೆ ಕುಡುಗೋಲು. ಕಣ್ಣಿನ ಗಾಜು ಮಂಜಾಗದಂತೆ ಮಾಚಿಪತ್ರೆಯ ಜಾತಿಯ ಸೊಪ್ಪನ್ನು ತಿಕ್ಕುತ್ತಾರೆ. ಹಳೆಯ ಹತ್ತಿಯ ಉಡುಪಿನ ಒಂದು ಬದಿ ತೆರೆದಿದ್ದು ಕಟ್ಟುವ ದಾರಗಳಿರುತ್ತಿದ್ದವು. ಬಸುರಿಯ ಹೊಟ್ಟೆ ಬೆಳೆದಂತೆ ಸಡಿಲಿಸಿಕೊಂಡು ಅದೇ ಉಡುಪಿನಲ್ಲಿ ಮುಳುಗಬಹುದಿತ್ತು. ಮಗುವಿನ ಬಗ್ಗೆ ಕೇಳಿದ್ದಿರಿ, ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಅಬಲೋನ್ ತೆಗೆಯುವ ಕೆಲಸವನ್ನು ಹತ್ತಿರದಿಂದ ನೋಡಿ. ಪ್ರಾಣಿ ನೆಮ್ಮದಿಯಾಗಿದ್ದಾಗ ಚಿಪ್ಪು ಬಂಡೆಯಿಂದ ತುಸು ಎದ್ದಿರುತ್ತದೆ. ಆ ಸಂದಿಗೆ ಬಿಚಾಂಗ್ ತೂರಿಸಿ ಒಂದೇ ಸಲಕ್ಕೆ ಮೀಟಬೇಕು. ಮೊದಲ ಯತ್ನ ತಪ್ಪಿ ಅದು ಎಚ್ಚೆತ್ತರೆ ಬಂಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಪಟ್ಟಿಯೂ ಒಳಗೇ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಕುಣಿಕೆ ಮಣಿಕಟ್ಟಿನಲ್ಲಿರುತ್ತದೆ. ಕುಣಿಕೆಯಿಂದ ಕೈ ಬಿಡಿಸಿಕೊಳ್ಳಲಾಗದೆ ಅಲ್ಲೇ ಉಸಿರು ಕಳೆದುಕೊಂಡವರಿದ್ದಾರೆ. ಹಾಗಾಗಿ ಕುಣಿಕೆ ಎಳೆದರೆ ಜಾರುವಷ್ಟು ಸಡಿಲವಿರಬೇಕು, ಪಟ್ಟಿ ಹೋದರೆ ಹೋಗಲಿ.

ಇನ್ನೊಂದು ಅಪಾಯಕ್ಕೆ ಅವರಲ್ಲಿ "ಮುಲ್ಸುಮ್" ಎಂಬ ಹೆಸರೇ ಇದೆ, ನೀರಿನುಸಿರು. ಮೇಲೆ ಬರಬೇಕೆನ್ನುವ ಹೊತ್ತಿಗೆ ಕಣ್ಣೆದುರು ಇನ್ನೊಂದು ಅಬಲೋನ್ ಕಂಡು, ಅದನ್ನೂ ತೆಗೆದುಬಿಡೋಣ ಎಂದು ನಿಂತವರು ಕೊನೆಗೆ ಒಳಗೆಳೆದುಕೊಳ್ಳುವ ಉಸಿರು. ಇದರ ಹಿಂದಿನ ಕಾರಣ ಮಕ್ಕಳಿಗೂ ತಿಳಿದಿರಲಿ. ಉಸಿರಾಡಬೇಕೆಂಬ ತುಡಿತ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಮುಳುಗುವ ಮುನ್ನ ಜೋರಾಗಿ ಪದೇಪದೇ ಉಸಿರಾಡಿದರೆ ಅದು ಇಳಿದುಬಿಡುತ್ತದೆ, ತುಡಿತ ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಮ್ಲಜನಕ ಮುಗಿಯುತ್ತ ಬಂದಿರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಶ್ವಾಸಕೋಶ ಅರ್ಧಕ್ಕೆ ಕುಗ್ಗಿರುತ್ತದೆ. ಮೇಲೇರುವಾಗ ಒತ್ತಡ ಇಳಿದು ಇದ್ದಬದ್ದ ಆಮ್ಲಜನಕವೂ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ನೀರಿನ ಮೇಲ್ಮೈಗೆ ಇನ್ನೇನು ಬಂದೆವು ಎನ್ನುವಾಗ ಪ್ರಜ್ಞೆ ತಪ್ಪುತ್ತದೆ. ಹೇನ್ಯೋಗಳು ಮೇಲೆ ಬಂದ ಕೂಡಲೇ ಹಕ್ಕಿಯ ಕೂಗಿನಂತೆ ಸಿಳ್ಳೆ ಹೊರಡಿಸುತ್ತ ಉಸಿರು ಬಿಡುತ್ತಾರೆ, ಅದು ಸುಂಬಿಸೋರಿ. ಪಕ್ಕದವರ ಸಿಳ್ಳೆ ಕೇಳಿಸದಿದ್ದರೆ ಉಳಿದವರು ತಲೆಯೆತ್ತಿ ನೋಡುತ್ತಾರೆ. ಒಬ್ಬರೇ ಮುಳುಗುವ ರೂಢಿ ಇಲ್ಲದಿರುವುದು ಇದಕ್ಕೇ.

ದಿನ ಆರಿಸುವುದು ಚಂದ್ರನ ಲೆಕ್ಕದಲ್ಲಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರವಿಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿಯ ಸುತ್ತಿನ ದಿನಗಳಲ್ಲಿ ನೀರು ಹದವಾಗಿರುತ್ತದೆ. ಮುಳುಗುವವರಲ್ಲೇ ಮೇಲುಗುಂಪು, ನಡುಗುಂಪು, ಕೆಳಗುಂಪು ಎಂಬ ಮೂರು ದರ್ಜೆ. ದಡದ ಹತ್ತಿರದ ಆಳವಿಲ್ಲದ ನೀರನ್ನು ವಯಸ್ಸಾದವರಿಗೆಂದೇ ಬಿಡುತ್ತಾರೆ. ಅದರ ಹೆಸರು "ಹಲ್ಮಾಂಗ್ ಬಾದಾಂಗ್", ಅಜ್ಜಿಯರ ಕಡಲು. ಗಟ್ಟಿಮುಟ್ಟಾದವರು ಅಲ್ಲಿ ಕೈ ಹಾಕುವಂತಿಲ್ಲ. 7 ಸೆಂಟಿಮೀಟರಿಗಿಂತ ಚಿಕ್ಕ ಶಂಖದ ಹುಳುವನ್ನು ಯಾರೂ ತೆಗೆಯುವಂತಿಲ್ಲ.

1970ರ ದಶಕದಲ್ಲಿ ರಬ್ಬರ್ ಉಡುಪು ಬಂತು. ಹತ್ತಿ ಬಟ್ಟೆಯಲ್ಲಿ ಚಳಿಗಾಲದಲ್ಲಿ ಸ್ವಲ್ಪ ಹೊತ್ತಿಗೇ ನಡುಗುತ್ತ ದಡದ ಬೆಂಕಿಗೆ ಓಡಬೇಕಿತ್ತು, ರಬ್ಬರಿನಲ್ಲಿ ಗಂಟೆಗಟ್ಟಲೆ ಇರಬಹುದು. ರಬ್ಬರ್ ತೇಲುತ್ತದೆ, ಹಾಗಾಗಿ ಸೊಂಟಕ್ಕೆ ಸೀಸದ ಪಟ್ಟಿ ಬಿಗಿಯಬೇಕು. ಚಳಿ ಮೊದಲು ತಾನಾಗಿಯೇ ಕೆಲಸದ ಹೊತ್ತಿಗೆ ಮಿತಿ ಹಾಕುತ್ತಿತ್ತು, ಆ ಮಿತಿ ಹೋಯಿತು. ತಲೆನೋವು, ಕಿವಿನೋವು ಹೆಚ್ಚಿದವು, ಕಡಲಿನ ಮೇಲೂ ಹೊರೆ ಬಿತ್ತು. ಹಳೆಯ ಉಡುಪಿನ ಕಾಲದಲ್ಲಿ ಚಳಿಗಾಲಕ್ಕೆ ಅವರ ಮೈಯಲ್ಲಿ ಹೆಚ್ಚು ಶಾಖ ಹುಟ್ಟುತ್ತಿದ್ದುದನ್ನು ವೈದ್ಯರು ಅಳೆದಿದ್ದರು. ರಬ್ಬರ್ ಬಂದ ಕೆಲವೇ ವರ್ಷಗಳಲ್ಲಿ ಆ ಒಗ್ಗಿಕೆ ಮಾಯವಾಯಿತು.

———

ಹೊನ್ನೆಮರ:

ಜೇಜುವಿನಲ್ಲಿ ಈ ಕೆಲಸ ಹೆಂಗಸರದ್ದೇ ಆದದ್ದು ಅವರ ಮೈಯ ಕೊಬ್ಬಿನಿಂದ, ಚಳಿ ತಡೆಯುವ ಶಕ್ತಿಯಿಂದ ಎಂದು ಎಲ್ಲ ಕಡೆ ಬರೆದಿರುತ್ತಾರಲ್ಲ? ಮತ್ತೆ ಮಕ್ಕಳಿಂದ ಒಂದು ಲೆಕ್ಕ ಮಾಡಿಸುವುದಿದ್ದರೆ ಯಾವುದು ಸೂಕ್ತ?

———

ಮುಳುಗುಕಲ್ಲು:

ಕೊಬ್ಬು ನೆರವಾಗುತ್ತದೆ, ಸುಳ್ಳಲ್ಲ. ಕಾರಣ ಅದೊಂದೇ ಆಗಿದ್ದರೆ ಹಿಂದೆ ಗಂಡಸರು ಈ ಕೆಲಸ ಮಾಡಿರಲೇಬಾರದಿತ್ತು. ಜೇಜುವಿನಲ್ಲಿ ಅರಮನೆಗೆ ಕಾಣಿಕೆಯಾಗಿ ಅಬಲೋನ್ ತೆಗೆಯುತ್ತಿದ್ದವರು ಪೋಜಾಕ್ ಎಂಬ ಗಂಡಸರು. ಕಾಣಿಕೆಯ ಹೊರೆ ತಾಳದೆ ಅವರು ದ್ವೀಪ ಬಿಟ್ಟು ಓಡುತ್ತಿದ್ದರು. 1629ರಲ್ಲಿ ದ್ವೀಪದಿಂದ ಹೊರಹೋಗುವುದನ್ನೇ ಅರಸು ನಿಷೇಧಿಸಬೇಕಾಯಿತು. ಗಂಡಸರು ಕಡಿಮೆಯಾದಂತೆ ಆ ಕಾಣಿಕೆಯ ಬಾಕಿ ಹೆಂಗಸರ ಹೆಗಲಿಗೆ ಬಂತು. ಮೈಯ ಮಾತಿಗಿಂತ ಮೊದಲು ತೆರಿಗೆಯ ಮಾತು ಬರೆಯಿರಿ.

ಲೆಕ್ಕಕ್ಕೆ ಜಪಾನಿನಲ್ಲಿ ಕಡಲಿಗೆ ಮುಳುಗುವ ಅಮಾ ಹೆಂಗಸರು ಒಳ್ಳೆಯ ಉದಾಹರಣೆ. 1960ರ ದಶಕದಲ್ಲಿ ಶರೀರಶಾಸ್ತ್ರಜ್ಞರು ಗಡಿಯಾರ ಹಿಡಿದು ಎರಡು ಬಗೆಯವರನ್ನು ಅಳೆದರು. ಕಚಿಡೊ ಎಂಬವರು ಯಾರ ನೆರವೂ ಇಲ್ಲದೆ ಐದಾರು ಮೀಟರ್ ಇಳಿಯುತ್ತಾರೆ: ಸುಮಾರು 30 ಸೆಕೆಂಡು ಮುಳುಗು, ಅದರಲ್ಲಿ ತಳದಲ್ಲಿ 15 ಸೆಕೆಂಡು, ಮೇಲೆ 30 ಸೆಕೆಂಡು ವಿರಾಮ. ಫುನಾಡೊ ಎಂಬವರು ಭಾರದ ತೂಕ ಹಿಡಿದು ಸುಮಾರು 20 ಮೀಟರ್ ಇಳಿಯುತ್ತಾರೆ, ದೋಣಿಯಲ್ಲಿರುವವರು, ಹೆಚ್ಚಾಗಿ ಗಂಡ, ಹಗ್ಗದಿಂದ ಮೇಲೆಳೆಯುತ್ತಾರೆ: ಮುಳುಗು 60 ಸೆಕೆಂಡು, ತಳದಲ್ಲಿ 30, ವಿರಾಮ 60. ಗಂಟೆಗೆ ತಳದಲ್ಲಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ಮಕ್ಕಳನ್ನು ಕೇಳಿ. ಮೊದಲನೆಯವರು ಗಂಟೆಗೆ 60 ಸಲ ಮುಳುಗುತ್ತಾರೆ, ಎರಡನೆಯವರು 30 ಸಲ. ಇಬ್ಬರಿಗೂ ಬರುವ ಉತ್ತರ 15 ನಿಮಿಷ. ಹಾಗಾದರೆ ತೂಕ, ಹಗ್ಗ, ದೋಣಿ, ಇನ್ನೊಬ್ಬರ ದುಡಿಮೆ ಎಲ್ಲ ಏತಕ್ಕೆ ಎಂದು ಎರಡನೆಯ ಪ್ರಶ್ನೆ ಹಾಕಿ. ಬೇರೆಯವರ ಕೈ ಎಟುಕದ ಆಳದಲ್ಲಿ ಉಳಿದಿರುವ ಚಿಪ್ಪಿಗಾಗಿ.